ಎಡನಳಿಗೆಯ ಕಟ್ಟಳೆ

ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ನ ಹಿಂದಿನ ಮಧ್ಯಾಹ್ನ, ನಮ್ಮ ಕುಲದ ಮೂಲಮನೆಯಾದ ಐನ್‌ಮನೆಯ ಕೋವಿಗಳಿಗೆ ಎಣ್ಣೆ ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಮರುದಿನ ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಅವುಗಳನ್ನು ಪೂಜೆಗೆ ಇಡಬೇಕು. ಮುತ್ತಜ್ಜನ ಜೋಡುನಳಿಗೆಯ ತೋಟಾ ಕೋವಿಯನ್ನು ಅದುವರೆಗೆ ಮೇಲಷ್ಟೇ ಒರೆಸಿದ್ದೆ. ಅಂದು ನಳಿಗೆಗಳನ್ನು ಕಳಚಿ ಮಗುಚಿದೆ. ಬುಡದ ಚಪ್ಪಟೆ ಭಾಗದಲ್ಲಿ ಉಗುರಿಗಿಂತ ಚಿಕ್ಕ ಮುದ್ರೆಗಳಿದ್ದವು.

ಕಿರೀಟದ ಕೆಳಗೆ ಅಡ್ಡ ಹಾಯ್ದ ಎರಡು ರಾಜದಂಡ. ಒಂದು ಮುದ್ರೆಯ ಸಂದುಗಳಲ್ಲಿ ಬಿ, ಪಿ, ಸಿ, ಇನ್ನೊಂದರಲ್ಲಿ ವಿ. ಕೋವಿಯ ನಳಿಗೆಗಳನ್ನು ಪರೀಕ್ಷಿಸಲು ಇಂಗ್ಲೆಂಡಿನಲ್ಲಿ 1813ರಲ್ಲಿ ಹುಟ್ಟಿದ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್ 1904ರವರೆಗೆ ಒತ್ತುತ್ತಿದ್ದ ಗುರುತುಗಳಿವು. ವಾಡಿಕೆಗಿಂತ ಹೆಚ್ಚು ಮದ್ದು ತುಂಬಿ ಸಿಡಿಸಿದ ಮೇಲೂ ಸೀಳದೆ, ಉಬ್ಬದೆ ಉಳಿದ ನಳಿಗೆಗೆ ಮಾತ್ರ ಅವು ಬೀಳುತ್ತಿದ್ದವು. ಕೋವಿಯ ಬೆನ್ನಿನ ಮೇಲೇನೋ ಲಂಡನ್ ಎಂದು ಕೊರೆದಿದೆ. ಅಲ್ಲಿ ಪರೀಕ್ಷೆಯಾಗಿದ್ದರೆ ಕಿರೀಟದಡಿ ಜಿ ಮತ್ತು ಪಿ ಹೆಣೆದುಕೊಂಡಿರಬೇಕಿತ್ತು.

ಎಡನಳಿಗೆಯಲ್ಲಿ ಇನ್ನೂ ಇತ್ತು: ‘12ಬಿ 14ಎಂ’, ಪಕ್ಕದಲ್ಲಿ ‘ನಾಟ್ ಫಾರ್ ಬಾಲ್’, ಅಂದರೆ ಒಂಟಿಗುಂಡಿಗಲ್ಲ. ಒಂದು ಪೌಂಡ್ ಸೀಸದಿಂದ ಸಮನಾದ ಹನ್ನೆರಡು ಗುಂಡು ಎರೆದರೆ ಒಂದೊಂದರ ಅಗಲ ಎಷ್ಟೋ ಅದು 12 ಬೋರ್. ಹದಿನಾಲ್ಕು ಎರೆದರೆ ಗುಂಡು ಕಿರಿದಾಗುತ್ತದೆ. ಅಂದರೆ ಈ ನಳಿಗೆ ಒಳಗೆ 12, ಬಾಯಲ್ಲಿ 14. ಚರೆ ಬೇಗ ಚದುರದಿರಲೆಂದು ಬಾಯಿ ಬಿಗಿದಿದ್ದಾರೆ. ಒಳಗಿನ ಅಳತೆಯ ಒಂಟಿಗುಂಡು ಹಾಕಿದರೆ ಅಲ್ಲಿ ಸಿಕ್ಕಿ ನಳಿಗೆಯೇ ಸೀಳಬಹುದು. ಈ ಎಚ್ಚರಿಕೆಯನ್ನು ಒತ್ತುತ್ತಿದ್ದದ್ದು 1875ರಿಂದ 1887ರವರೆಗೆ.

ನಮ್ಮ ಮನೆಯವರ ಮಾತಿನಲ್ಲಿ ಇದು ಕೊಡಗಿನ ಅರಸರ ಕಾಲದ ಕೋವಿ. ಅರಸರ ಆಳ್ವಿಕೆ 1834ರಲ್ಲೇ ಮುಗಿದಿತ್ತು.

ಇದಕ್ಕಿಂತ ನನ್ನನ್ನು ಕಾಡಿದ್ದು ಅಲ್ಲಿ ಇಲ್ಲದ ಮುದ್ರೆ. ಈಗಿನ ಹೊಗೆರಹಿತ ಮದ್ದಿಗೆ ಪರೀಕ್ಷೆಯಾಗಿದೆ ಎನ್ನುವ ನೈಟ್ರೊ ಎಂದಾಗಲಿ, ಎನ್‌ಪಿ ಎಂದಾಗಲಿ ಎಲ್ಲೂ ಇರಲಿಲ್ಲ. ಕರಿಮದ್ದಿಗೆ ಮಾತ್ರ ಪರೀಕ್ಷೆಯಾದ ನಳಿಗೆ ಇದು. ಮರುದಿನ ತೆಂಗಿನಕಾಯಿಗೆ ಗುಂಡು ಹೊಡೆಯಲೆಂದು ನನ್ನ ತಮ್ಮ ಆ ಹೊಗೆರಹಿತ ಮದ್ದಿನ ಹೊಸ ತೋಟಾಗಳನ್ನು ತಂದಿಟ್ಟಿದ್ದ.

ಚಿಕ್ಕಪ್ಪನನ್ನು ಕರೆದು ಒಂದೊಂದೇ ಮುದ್ರೆಯನ್ನು ಓದಿ ಹೇಳಿದೆ. ಅರಸರ ಮಾತು ಬಂದಾಗ ಅವರ ಮುಖ ಸಣ್ಣದಾಯಿತು, ನನಗೂ ಸಂಕಟವಾಯಿತು. ಎಡನಳಿಗೆಯ ಬರಹಕ್ಕೆ ಬಂದಾಗ ನನ್ನ ಕೈ ಹಿಡಿದು ನಿಲ್ಲಿಸಿದರು.

“ಅಪ್ಪ ಹಂದಿಬೇಟೆಗೆ ಹೋದಾಗಲೂ ಎಡಕ್ಕೆ ಒಂಟಿಗುಂಡು ಹಾಕಲು ಬಿಡುತ್ತಿರಲಿಲ್ಲ. ನಮ್ಮ ಕುಲದ ಮೂಲಪುರುಷ ಗುರುಕಾರೋಣನ ಕಟ್ಟಳೆ ಎನ್ನುತ್ತಿದ್ದರು. ಇಂಗ್ಲಿಷ್ ಅಕ್ಷರ ಅವರಿಗೆ ಬರುತ್ತಿರಲಿಲ್ಲವಲ್ಲ!”

ಕನ್ನಡಕ ಹಾಕಿಕೊಂಡು ಆ ಮೂರು ಪದಗಳನ್ನು ತಾವೇ ಬೆರಳಿಟ್ಟು ಓದಿದರು. ಆಮೇಲೆ ಎದ್ದು, ತೋಟಾಗಳ ಪೆಟ್ಟಿಗೆಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದರು.