ಒಂದು ಪಾಯಿಂಟಿಗಾಗಿ ಕಲಬುರಗಿಗೆ

ಉದ್ಯಾನ್ ಎಕ್ಸ್‌ಪ್ರೆಸ್ ವಾಡಿ ಜಂಕ್ಷನ್ ಬಿಟ್ಟ ಮೇಲೆ ಸಿಮೆಂಟ್ ಕಾರ್ಖಾನೆಗಳ ಚಿಮಣಿ, ಶಹಾಬಾದ್ ಕಲ್ಲಿನ ಗಣಿ, ಆಮೇಲೆ ಕಣ್ಣು ಹಾಯಿಸಿದಷ್ಟೂ ತೊಗರಿ. ಕಲಬುರಗಿ ತೊಗರಿಗೆ ಜಿಐ ಟ್ಯಾಗ್ ಬೇರೆ ಸಿಕ್ಕಿದೆ. ಊರಿನ ಹೆಸರು ಹೇಳಿದರೆ ಬೆಂಗಳೂರಿನ ನಮಗೆ ನೆನಪಾಗೋದು ಬೇಳೆ, ಬಿಸಿಲು, ಬಂದೇನವಾಜ್ ದರ್ಗಾ, ಶರಣಬಸವೇಶ್ವರರ ಗುಡಿ. ಟೆನಿಸ್ ಯಾರಿಗೂ ನೆನಪಾಗಲ್ಲ. ನಾವು ಹೊರಟಿದ್ದು ಮಾತ್ರ ಟೆನಿಸ್ ನೋಡೋದಕ್ಕೇ.

2023ರ ನವೆಂಬರ್ ಕೊನೆಯ ವಾರ. ಊರಿನ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ (ಐಟಿಎಫ್) ಕಲಬುರಗಿ ಓಪನ್ ನಡೆಯುತ್ತಿತ್ತು. ಪುರುಷರ ಟೂರ್ನಿ, ಒಟ್ಟು ಬಹುಮಾನ 25 ಸಾವಿರ ಡಾಲರ್. ಅದಕ್ಕೇ ಇದನ್ನು ಎಂ25 ಅನ್ನುತ್ತಾರೆ. ಇದರ ಕೆಳಗೆ ಎಂ15 ಇದೆ, ಅಲ್ಲಿಗೆ ಮುಗೀತು. ಪ್ರೊಫೆಷನಲ್ ಟೆನಿಸ್‌ನಲ್ಲಿ ಅದಕ್ಕಿಂತ ಕೆಳಗಿನ ಮೆಟ್ಟಿಲಿಲ್ಲ. ಹಿಂದೆ ಇವಕ್ಕೆ ಫ್ಯೂಚರ್ಸ್ ಅಂತ ಹೆಸರಿತ್ತು, ಹಳಬರ ಬಾಯಲ್ಲಿ ಈಗಲೂ ಅದೇ. ಮೇಲೆ ಚಾಲೆಂಜರ್, ಅದರ ಮೇಲೆ ಪುರುಷ ವೃತ್ತಿಪರರ ಸಂಸ್ಥೆ ಎಟಿಪಿಯ ಟೂರ್, ತುದಿಯಲ್ಲಿ ನಾವು ಟಿವಿಯಲ್ಲಿ ನೋಡುವ ವಿಂಬಲ್ಡನ್ ವಗೈರೆ.

ಜೊತೆಗೆ ಅಕ್ಕನ ಮಗ ಇದ್ದ. ಹತ್ತನೇ ಕ್ಲಾಸು, ಅಂಡರ್-16 ಆಡುತ್ತಾನೆ. ತನ್ನ ಫೋರ್‌ಹ್ಯಾಂಡ್ ಬಗ್ಗೆ ಅವನಿಗೆ ತುಂಬಾ ಒಳ್ಳೆಯ ಅಭಿಪ್ರಾಯ. ಸ್ಪೇನ್‌ನ ಸ್ಟಾರ್ ಆಟಗಾರ ಅಲ್ಕರಾಜ್‌ನ ವಿಡಿಯೋ ನೋಡಿ ನೋಡಿ ಡ್ರಾಪ್ ಶಾಟ್ ಕಲಿತಿದ್ದಾನೆ, ಹೊಡೆಯಬಾರದ ಕಡೆಯಲ್ಲೆಲ್ಲ ಹೊಡೆಯುತ್ತಾನೆ. ಟಿವಿಯಲ್ಲಿ ಕಾಣುವುದಕ್ಕೂ ಇವನು ನಿಂತಿರುವ ಕಡೆಗೂ ಮಧ್ಯೆ ಏನಿದೆ ಅಂತ ಒಮ್ಮೆ ಕಣ್ಣಾರೆ ನೋಡಲಿ ಅಂತ ಕರೆದುಕೊಂಡು ಹೋದೆ.

ಸ್ಟೇಷನ್ ಹತ್ತಿರ ಸುಸಲಾ, ಮಿರ್ಚಿ ತಿಂದು, ಲಾಡ್ಜ್‌ನಲ್ಲಿ ಬ್ಯಾಗ್ ಇಟ್ಟು ಸೀದಾ ಕ್ರೀಡಾಂಗಣಕ್ಕೆ ಹೋದೆವು. ಟಿಕೆಟ್ ಗಿಕೆಟ್ ಯಾರೂ ಕೇಳಲಿಲ್ಲ. ಕೋರ್ಟಿನ ಬೇಲಿಗೆ ಮೂಗು ತಾಗಿಸಿ ನಿಲ್ಲಬಹುದು. ಚೆಂಡಿನ ಸದ್ದು, ಶೂ ಉಜ್ಜುವ ಸದ್ದು, ಆಟಗಾರ ತನ್ನ ಮೇಲೇ ಸಿಟ್ಟಾಗಿ ಗೊಣಗುವುದು, ಎಲ್ಲ ಕೇಳಿಸುತ್ತೆ. ಟಿವಿಯಲ್ಲಿ ಚೆಂಡು ಎಷ್ಟು ಸ್ಪಿನ್ ಆಗುತ್ತೆ ಅಂತ ಗೊತ್ತೇ ಆಗಲ್ಲ. ಇಲ್ಲಿ ಸೆಕೆಂಡ್ ಸರ್ವ್ ನೆಲಕ್ಕೆ ಬಿದ್ದು ಭುಜದ ಮಟ್ಟಕ್ಕೆ ಎಗರಿದಾಗ ಅಳಿಯ ಒಂದು ಹೆಜ್ಜೆ ಹಿಂದೆ ಸರಿದ. ಮಧ್ಯೆ ಬೇಲಿ ಇತ್ತು, ಆದರೂ.

ಮೊದಲು ನೋಡಿದ್ದು ಕ್ವಾಲಿಫೈಯಿಂಗ್, ಅಂದರೆ ಮುಖ್ಯ ಟೂರ್ನಿಯ ಪಟ್ಟಿಗೆ (ಮುಖ್ಯ ಡ್ರಾ) ಸೇರಲು ಆಡುವ ಅರ್ಹತಾ ಸುತ್ತು. ಮುಖ್ಯ ಡ್ರಾದಲ್ಲಿ 32 ಜನ. ರ್‍ಯಾಂಕಿಂಗ್ ಮೇಲೆ ಬಂದವರು ಜಾಸ್ತಿ, ಆಯೋಜಕರು ನೇರ ಪ್ರವೇಶ ಕೊಟ್ಟ, ಅಂದರೆ ವೈಲ್ಡ್ ಕಾರ್ಡ್ ಸಿಕ್ಕ ಕೆಲವರು, ಕ್ವಾಲಿಫೈಯಿಂಗ್ ದಾಟಿ ಬರುವವರು ಉಳಿದವರು. ಕ್ವಾಲಿಫೈಯಿಂಗ್‌ನಲ್ಲಿ ಸೋತವನಿಗೆ ದುಡ್ಡೂ ಇಲ್ಲ, ಎಟಿಪಿ ಪಾಯಿಂಟೂ ಇಲ್ಲ. ಎಂಟ್ರಿ ಫೀಸ್ ಕಟ್ಟಿ, ರೂಮ್ ಬಾಡಿಗೆ ಕೊಟ್ಟು, ರ್‍ಯಾಕೆಟ್‌ಗೆ ತಂತಿ ಹಾಕಿಸಿ, ಒಂದೂವರೆ ಗಂಟೆ ಬಿಸಿಲಲ್ಲಿ ಆಡಿ, ವಾಪಸ್ ಹೋಗಬೇಕು.

ಅಲ್ಲೊಂದು ಮ್ಯಾಚ್ ನಮ್ಮನ್ನು ಹಿಡಿದು ನಿಲ್ಲಿಸಿತು. ಒಂದು ಕಡೆ ಮೀಸೆ ಚಿಗುರುತ್ತಿರುವ ಹುಡುಗ, ಒಳ್ಳೇ ಹೊಡೆತಗಾರ. ಇನ್ನೊಂದು ಕಡೆ ಮೂವತ್ತರ ಹತ್ತಿರದವನು, ಮೊಣಕಾಲಿಗೆ ಪಟ್ಟಿ, ಸಾಧಾರಣ ಸರ್ವ್. ಮೊದಲ ನಾಲ್ಕು ಗೇಮ್ ಹುಡುಗನದೇ. ಅಳಿಯ ಚಪ್ಪಾಳೆ ತಟ್ಟಿದ. ಆಮೇಲೆ ದೊಡ್ಡವನು ಪ್ರತಿ ಚೆಂಡನ್ನೂ ಹುಡುಗನ ಬ್ಯಾಕ್‌ಹ್ಯಾಂಡಿಗೆ, ಎತ್ತರಕ್ಕೆ, ನಿಧಾನವಾಗಿ ಕಳಿಸತೊಡಗಿದ. ಹೊಡೆಯೋಕೆ ವೇಗವೇ ಸಿಗದ ಚೆಂಡು. ಮಧ್ಯೆ ಮಧ್ಯೆ ಒಂದು ಸ್ಲೈಸ್, ಮೊಣಕಾಲ ಕೆಳಗೇ ಉಳಿಯುವಂಥದ್ದು. ಪಾಯಿಂಟ್ ಮಧ್ಯೆ ನಿಯಮ ಕೊಟ್ಟ 25 ಸೆಕೆಂಡ್‌ನಲ್ಲಿ ಒಂದನ್ನೂ ಬಿಡದೆ ಟವಲಿಗೆ ಹೋಗಿ ಬರುತ್ತಿದ್ದ. ಹುಡುಗನಿಗೆ ತಾಳ್ಮೆ ತಪ್ಪಿತು. ಅರ್ಧ ಗಂಟೆಯಲ್ಲಿ ಮ್ಯಾಚ್ ತಿರುಗಿಬಿತ್ತು.

"ಮಾಮ, ಅವನು ಏನೂ ಆಡ್ತಾನೇ ಇಲ್ವಲ್ಲ, ಹೇಗೆ ಗೆದ್ದ?" ಅಂದ ಅಳಿಯ.

ಜೂನಿಯರ್ ಟೆನಿಸ್‌ನಲ್ಲಿ ಚೆನ್ನಾಗಿ ಹೊಡೆದವನು ಗೆಲ್ಲುತ್ತಾನೆ. ಇಲ್ಲಿ ಎದುರಾಳಿಯ ಯಾವ ಹೊಡೆತ ಒತ್ತಡದಲ್ಲಿ ಕೈಕೊಡುತ್ತೆ ಅಂತ ಹುಡುಕಿ ಅಲ್ಲೇ ಮತ್ತೆ ಮತ್ತೆ ಕೇಳುವವರು ಸಿಗುತ್ತಾರೆ. ಅಕಾಡೆಮಿಯಲ್ಲಿ ಎಷ್ಟೇ ಬುಟ್ಟಿ ಚೆಂಡು ಹೊಡೆದರೂ ಈ ಪ್ರಶ್ನೆ ಬರಲ್ಲ, ಯಾಕೆಂದರೆ ಅಲ್ಲಿ ಸೋತರೆ ಯಾರ ರೂಮ್ ಬಾಡಿಗೆಯೂ ದಂಡ ಆಗಲ್ಲ.

ಮುಖ್ಯ ಡ್ರಾದ ಮೊದಲ ಸುತ್ತು ನೋಡುವಾಗ ಪಕ್ಕದಲ್ಲಿ ಊರಿನವರೊಬ್ಬರು ಬಂದು ಕೂತರು. ಬಿಳಿ ಟೋಪಿ, ಕೈಯಲ್ಲಿ ಪೇಪರ್. ನಿವೃತ್ತ ಮೇಷ್ಟ್ರಂತೆ.

"ಇಂವ ಇಲ್ಲೇ ಸೋತ್ರ ಏನ್ ಸಿಗ್ತದ್ರಿ?"

"260 ಡಾಲರ್ ಸರ್. 21 ಸಾವಿರ ಚಿಲ್ಲರೆ."

"ಬರೇ ಇಷ್ಟಾ? ವಿಮಾನದ ಖರ್ಚೂ ಹೊಂಡಂಗಿಲ್ಲಲ್ರಿ. ಪೂರಾ ಗೆದ್ರ?"

"3,600 ಡಾಲರ್. ಸುಮಾರು ಮೂರು ಲಕ್ಷ, ಅದರಲ್ಲಿ ತೆರಿಗೆ ಹೋಗುತ್ತೆ."

ಮೇಷ್ಟ್ರು ಲೆಕ್ಕ ಹಾಕಿದರು. ಕೋಚ್, ಊಟ, ಲಾಡ್ಜ್, ತಂತಿ, ಓಡಾಟ. "ಹಂಗಾದ್ರ ಮೂವತ್ತೊಂದು ಮಂದಿ ಸೋಲಾಕೇ ಬರ್ತಾರ. ರೊಕ್ಕ ಕಳ್ಕೊಂಡು ಹೋಗ್ತಾರ. ಯಾಕ್ ಆಡ್ತಾರ್ರಿ ಮತ್ತ?"

ಪ್ರಶ್ನೆ ಸರಿಯಾಗೇ ಇತ್ತು. ಆಡುವುದು ಪಾಯಿಂಟಿಗೆ. ಎಂ25ರಲ್ಲಿ ಮೊದಲ ಸುತ್ತು ಗೆದ್ದರೆ ಒಂದು ಎಟಿಪಿ ಪಾಯಿಂಟ್. ಕ್ವಾರ್ಟರ್ ಫೈನಲ್‌ಗೆ ಮೂರು, ಸೆಮಿಗೆ ಎಂಟು, ಫೈನಲ್‌ನಲ್ಲಿ ಸೋತರೆ 16, ಗೆದ್ದರೆ 25. ಗ್ರ್ಯಾಂಡ್ ಸ್ಲಾಮ್ ಗೆದ್ದವನಿಗೆ 2,000. ಆ ಲೆಕ್ಕದಲ್ಲಿ ಒಂದು ಪಾಯಿಂಟ್ ಏನೂ ಅಲ್ಲ. ಆದರೆ ಸೊನ್ನೆಗೂ ಒಂದಕ್ಕೂ ಇರುವ ದೂರ ದೊಡ್ಡದು. ಒಂದು ಪಾಯಿಂಟ್ ಬಂದರೆ ಹೆಸರು ರ್‍ಯಾಂಕಿಂಗ್ ಪಟ್ಟಿಗೆ ಸೇರುತ್ತೆ. ಮುಂದಿನ ಟೂರ್ನಿಗೆ ಯಾರನ್ನು ಸೇರಿಸಿಕೊಳ್ಳಬೇಕು ಅನ್ನುವುದು ಆ ಪಟ್ಟಿಯ ಮೇಲೇ ನಿಂತಿರುತ್ತೆ. ಕೂತರೆ ಮಾತ್ರ ಆಗಲ್ಲ, ವರ್ಷ ಕಳೆದರೆ ಪಾಯಿಂಟ್ ಉದುರಿ ಹೋಗುತ್ತೆ.

ಅಲ್ಕರಾಜ್‌ನ ಮೊದಲ ಪಾಯಿಂಟ್ ಬಂದದ್ದೂ ಇಂಥದ್ದೇ ಕಡೆಯಿಂದ. 2018ರ ಫೆಬ್ರವರಿ, ಅವನ ಮನೆಯ ಹತ್ತಿರದ ಮುರ್ಸಿಯಾದಲ್ಲಿ 15 ಸಾವಿರ ಡಾಲರ್‌ನ ಟೂರ್ನಿ, ಅವನಿಗಾಗ 14 ವರ್ಷ. ಇದನ್ನು ಹೇಳಿದ್ದೇ ಅಳಿಯನ ಬೆನ್ನು ನೆಟ್ಟಗಾಯಿತು. "ನಂಗೆ ಆಗಲೇ 15" ಅಂತ ಸಣ್ಣಗೆ ಅಂದ. ಮೇಷ್ಟ್ರು ನಕ್ಕರು.

2019ರಲ್ಲಿ ಟೆನಿಸ್ ಆಡಳಿತದವರು ಈ ಪಾಯಿಂಟಿನ ದಾರಿಯನ್ನೇ ಕೆಡಿಸಲು ಹೊರಟಿದ್ದರು. ಕೆಳಗಿನ ಟೂರ್ನಿಗಳಿಗೆ ಎಟಿಪಿ ಪಾಯಿಂಟ್ ಹೆಚ್ಚುಕಡಿಮೆ ನಿಲ್ಲಿಸಿ ಬೇರೆಯದೇ ಐಟಿಎಫ್ ಪಾಯಿಂಟ್ ಕೊಟ್ಟರು. ಪ್ರೊಫೆಷನಲ್ ಅನ್ನಿಸಿಕೊಳ್ಳುವವರ ಸಂಖ್ಯೆ ಇಳಿಸಬೇಕು, ದುಡ್ಡು ಅಷ್ಟೇ ಜನಕ್ಕೆ ಹಂಚಬೇಕು ಅನ್ನೋದು ಯೋಚನೆ. ಕಾಗದದ ಮೇಲೆ ಚೆನ್ನಾಗಿತ್ತು. ನೂರಾರು ಆಟಗಾರರ ರ್‍ಯಾಂಕಿಂಗ್ ರಾತ್ರೋರಾತ್ರಿ ಮಾಯವಾಯಿತು, ಗಲಾಟೆ ಆಯಿತು, ಅದೇ ವರ್ಷದ ಆಗಸ್ಟ್‌ನಲ್ಲಿ ಹಳೆಯದಕ್ಕೇ ಮರಳಿದರು. ನನ್ನ ಕೇಳಿದರೆ ಒಳ್ಳೆಯದೇ ಆಯಿತು. ಕೆಳಗಿನ ಮೆಟ್ಟಿಲು ಕಿತ್ತು ಮೇಲಿನ ಮಹಡಿ ಗಟ್ಟಿ ಮಾಡುತ್ತೇವೆ ಅಂದ ಹಾಗಿತ್ತು.

ಮೊದಲ ಸುತ್ತಿನ ದಿನವೇ ಇನ್ನೊಂದು ನೋಡಿದೆ, ಅದನ್ನು ಹೇಳಲೇಬೇಕು. ಕ್ವಾಲಿಫೈಯಿಂಗ್‌ನ ಕೊನೆಯ ಸುತ್ತಿನಲ್ಲಿ ಸೋತವರು ಲಕ್ಕಿ ಲೂಸರ್ ಪಟ್ಟಿಗೆ ಬೆಳಿಗ್ಗೆ ಬಂದು ಸಹಿ ಹಾಕಬಹುದು. ಮುಖ್ಯ ಡ್ರಾದಲ್ಲಿ ಯಾರಾದರೂ ಗಾಯ ಅಂತ ಹಿಂದೆ ಸರಿದರೆ ಆ ಜಾಗ ಇವರಿಗೆ. ಹಾಗೆ ಸಹಿ ಹಾಕಿದ ಒಬ್ಬ ಹುಡುಗ ಬೆಳಿಗ್ಗೆಯಿಂದ ಪೂರ್ತಿ ತಯಾರಾಗಿ ಕಾಯುತ್ತಿದ್ದ. ಶೂ ಲೇಸ್ ಬಿಗಿದಿದೆ, ಮಣಿಕಟ್ಟಿಗೆ ಬ್ಯಾಂಡ್ ಇದೆ, ಕಿಟ್ ಬ್ಯಾಗ್ ಕಾಲ ಬಳಿ. ಒಂದು ರ್‍ಯಾಕೆಟ್‌ನ ಗ್ರಿಪ್ ಬಿಚ್ಚಿ ಹೊಸದು ಸುತ್ತಿದ. ಚೆನ್ನಾಗೇ ಇದ್ದ ಇನ್ನೊಂದರದ್ದೂ ಬಿಚ್ಚಿ ಸುತ್ತಿದ. ಅರ್ಧ ಬಾಳೆಹಣ್ಣು ತಿಂದು ಇನ್ನರ್ಧ ಸಿಪ್ಪೆಯಲ್ಲೇ ಮಡಿಚಿಟ್ಟ. ಯಾರಾದರೂ ಕುಂಟುತ್ತಾ ರೆಫರಿ ರೂಮ್ ಕಡೆ ಹೋದರೆ ಅವನ ಕಣ್ಣೂ ಅಲ್ಲಿಗೆ. ಕೊನೆಯ ಮ್ಯಾಚ್‌ಗೆ ಇಬ್ಬರೂ ಆರೋಗ್ಯವಾಗಿ ಕೋರ್ಟಿಗೆ ಇಳಿದ ಮೇಲೆ ಎದ್ದು, ಉಳಿದ ಬಾಳೆಹಣ್ಣು ತಿಂದು, ಖಾಲಿ ಪ್ರಾಕ್ಟೀಸ್ ಕೋರ್ಟ್ ಇದೆಯಾ ಅಂತ ವಿಚಾರಿಸಿಕೊಂಡು ಹೋದ. ಅಳಿಯ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಅವನ ಮಟ್ಟಿಗೆ ಅದು ದಾಖಲೆ.

ಮಧ್ಯಾಹ್ನ ಬಿಡುವು ಮಾಡಿಕೊಂಡು ಕೋಟೆಗೆ ಹೋಗಿ ಬಂದೆವು. ಬಹಮನಿಗಳ ಕಾಲದ ಜಾಮಿಯಾ ಮಸೀದಿ, 1367ರದ್ದು. ಒಳಗೆ ತೆರೆದ ಅಂಗಳವೇ ಇಲ್ಲ, ಇಡೀ ಜಾಗಕ್ಕೆ ಗುಮ್ಮಟಗಳ ಮಾಡು. ಹೊರಗಿನ ಬಿಸಿಲಿಂದ ಕಮಾನುಗಳ ನೆರಳಿಗೆ ಕಾಲಿಟ್ಟರೆ ತಂಪೋ ತಂಪು. ಆಮೇಲೆ ಖಾನಾವಳಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಅಳಿಯ ರೊಟ್ಟಿ ಮೇಲೆ ರೊಟ್ಟಿ ಇಳಿಸಿದ. ಪಕ್ಕದ ಟೇಬಲ್ಲಿಗೆ ಟೂರ್ನಿಯ ಇಬ್ಬರು ಆಟಗಾರರು ಬಂದರು. ಖಾರ ಬೇಡ ಅಂತ ಕೈಸನ್ನೆ ಮಾಡಿ, ಬಂದ ಪಲ್ಯ ಬಾಯಿಗಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಖಾರ ಇಲ್ಲ ಅನ್ನೋದಕ್ಕೆ ಕಲಬುರಗಿಯಲ್ಲಿ ಲೆಕ್ಕವೇ ಬೇರೆ.

ದುಡ್ಡಿನ ವಿಷಯ ಮೇಷ್ಟ್ರು ಎತ್ತಿದ್ದು ಸುಮ್ನೆ ಅಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ದೇಶದ ನಂಬರ್ 1 ಆಟಗಾರ ಸುಮಿತ್ ನಾಗಲ್, ತನ್ನ ಬ್ಯಾಂಕ್ ಖಾತೆಯಲ್ಲಿ 900 ಯೂರೋ ಮಾತ್ರ ಇದೆ ಅಂತ ಹೇಳಿಕೊಂಡಿದ್ದರು. ಹುಡುಗನಾಗಿದ್ದಾಗ ಬೆಂಗಳೂರಲ್ಲೇ ಮಹೇಶ್ ಭೂಪತಿಯವರ ಅಕಾಡೆಮಿಯಲ್ಲಿ ಆಟ ಕಲಿತವರು ಅವರು. ನಂಬರ್ 1ರ ಕಥೆ ಹೀಗಾದರೆ ಪಟ್ಟಿಯ ಕೆಳಗಿರುವವರ ಗತಿ? (2024ರ ಜನವರಿಯಲ್ಲಿ ಅವರೇ ಆಸ್ಟ್ರೇಲಿಯನ್ ಓಪನ್‌ನಲ್ಲಿ ಶ್ರೇಯಾಂಕಿತ ಬುಬ್ಲಿಕ್‌ರನ್ನು ಸೋಲಿಸಿದರು. ಭಾರತದ ಪುರುಷ ಆಟಗಾರರೊಬ್ಬರು ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕಿತ ಆಟಗಾರನನ್ನು ಸೋಲಿಸಿದ್ದು 1989ರ ನಂತರ ಅದೇ ಮೊದಲು.)

ಅದಕ್ಕೇ ಟೂರ್ನಿ ಎಲ್ಲಿ ನಡೆಯುತ್ತೆ ಅನ್ನುವುದು ಮುಖ್ಯ ಆಗೋದು. ಟರ್ಕಿಯ ಅಂಟಾಲ್ಯ, ಟುನೀಶಿಯಾದ ಮೊನಾಸ್ಟಿರ್, ಈಜಿಪ್ಟ್‌ನ ಶರ್ಮ್ ಎಲ್ ಶೇಖ್, ಇಲ್ಲೆಲ್ಲ ಒಂದೇ ಜಾಗದಲ್ಲಿ ವಾರದ ಮೇಲೆ ವಾರ ಇಂಥ ಟೂರ್ನಿ ನಡೆಯುತ್ತವೆ. ನಮ್ಮ ಹುಡುಗರು ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ಉಳಿಯುತ್ತಾರೆ, ಅಂದರೆ ಉಳಿಯಲು ಶಕ್ತಿ ಇದ್ದವರು. ವೀಸಾ, ವಿಮಾನ, ಹೋಟೆಲ್, ಎಲ್ಲ ಸ್ವಂತದ್ದೇ. ಮನೆ ಹತ್ತಿರ ಟೂರ್ನಿ ಇದ್ದರೆ ಸ್ಲೀಪರ್ ಕ್ಲಾಸಿನ ಟಿಕೆಟ್ ಸಾಕು. ಆ ವರ್ಷ ಅಕ್ಟೋಬರ್‌ನಲ್ಲಿ ಧಾರವಾಡದಲ್ಲೂ ಒಂದು ಎಂ25 ನಡೆದಿತ್ತು. ಮೈಸೂರು, ಮಂಡ್ಯ, ದಾವಣಗೆರೆ, ಬೆಳಗಾವಿ ಅಂತ ಊರಿಂದ ಊರಿಗೆ ರೈಲಲ್ಲೇ ಹೋಗುವಂತೆ ಸಾಲಾಗಿ ಕೆಲವು ವಾರ ಇಟ್ಟರೆ ಎಷ್ಟೊಂದು ಹುಡುಗರಿಗೆ ದಾರಿ ಆಗುತ್ತೆ ಅಲ್ವಾ? ಒಂದೇ ವಾರ ಆಡಿಸಿ ಸುಮ್ಮನಾದರೆ, ಬ್ಯಾನರ್‌ನಲ್ಲಿರುವ ಗಣ್ಯರ ಫೋಟೋಕ್ಕೆ ಮಾತ್ರ ಲಾಭ.

ಇದು ಹೊಸಬರಿಗೆ ಮಾತ್ರ ಅನ್ನುವ ಹಾಗೂ ಇಲ್ಲ. ಡ್ರಾದಲ್ಲಿ ರಾಮ್‌ಕುಮಾರ್ ರಾಮನಾಥನ್ ಇದ್ದರು. 2017ರಲ್ಲಿ ಡೊಮಿನಿಕ್ ಥೀಮ್‌ರನ್ನು ಸೋಲಿಸಿದವರು, 2018ರಲ್ಲಿ ನ್ಯೂಪೋರ್ಟ್‌ನಲ್ಲಿ ಎಟಿಪಿ ಫೈನಲ್ ಆಡಿದವರು, ಒಂದು ಕಾಲಕ್ಕೆ ವಿಶ್ವದ 111ನೇ ಆಟಗಾರ. ರ್‍ಯಾಂಕಿಂಗ್ ಜಾರಿದಾಗ ಅವರೂ ಬಂದು ನಿಂತದ್ದು ಇದೇ ಮೆಟ್ಟಿಲ ಮೇಲೆ. ಹೊಸ ಹುಡುಗನಿಗೆ ಅಂಥವರ ಎದುರು ಎರಡು ಸೆಟ್ ಸೋಲಲು ಸಿಕ್ಕರೂ ಅದೃಷ್ಟ.

ಫೈನಲ್ ಹೊತ್ತಿಗೆ ನಾವು ಬೆಂಗಳೂರಿಗೆ ಬಂದಾಗಿತ್ತು. ಅಕ್ಕನ ಮನೆಯ ಸೋಫಾದಲ್ಲಿ ಕೂತು ಅಳಿಯ ಮೊಬೈಲ್‌ನಲ್ಲಿ ಸ್ಕೋರ್ ನೋಡಿದ. ರಾಮ್‌ಕುಮಾರ್ ಆಸ್ಟ್ರಿಯಾದ ಡೇವಿಡ್ ಪಿಚ್ಲರ್‌ರನ್ನು 6-2, 6-1ರಿಂದ ಸೋಲಿಸಿದ್ದರು. ಧಾರವಾಡದ ಟ್ರೋಫಿಯೂ ಅವರದ್ದೇ ಆಗಿತ್ತು. ಸ್ಕೋರ್ ಓದಿ ಮುಗಿಸಿ, ತನಗೂ ಐಟಿಎಫ್‌ನ ಐಪಿನ್ ನಂಬರ್ ಮಾಡಿಸಬೇಕು, ಅದಿಲ್ಲದೆ ಎಂಟ್ರಿ ಕಳಿಸೋಕೆ ಆಗಲ್ಲ, 14 ತುಂಬಿದವರು ಆಡಬಹುದು ಅಂತ ಒಂದೇ ಉಸಿರಲ್ಲಿ ಹೇಳಿದ.

"ಮೊದಲು ಎಸ್ಸೆಸ್ಸೆಲ್ಸಿ ಮುಗಿಸು" ಅಂದರು ಭಾವ, ಪೇಪರ್‌ನಿಂದ ತಲೆ ಎತ್ತದೆ.

"ಕ್ವಾಲಿಫೈಯಿಂಗ್ ಶುರುವಾಗೋದೇ ಭಾನುವಾರ ಅಪ್ಪ. ಸೋಮವಾರ ಒಂದು ದಿನ ರಜೆ ಹಾಕಿದ್ರೆ ಸಾಕು."

"ಅಂದ್ರೆ ಸೋಮವಾರಕ್ಕೇ ಸೋತು ಬರ್ತೀಯಾ?"

"ಮೊದಲನೇ ಸಲ ಅಷ್ಟೇ" ಅಂದ ಅಳಿಯ.