ಬಾರ್ಡರಿಗೆ ಹಾಕದ ಟ್ರೇಡು ಯಾವುದು?

ಕಳೆದ ವಾರ ನಮ್ಮ ಓಣಿಯ ತಾಯಿಯೊಬ್ಬರು ಮಗನ ಅಗ್ನಿವೀರ ಅರ್ಜಿಯ ಪ್ರತಿ ಹಿಡಿದುಕೊಂಡು ಮನೆಗೆ ಬಂದಿದ್ದರು. ಹುಡುಗ ಪಿಯುಸಿ ಮುಗಿಸಿದ್ದಾನೆ. ನಸುಕಿನಲ್ಲಿ ಎದ್ದು 1.6 ಕಿಲೋಮೀಟರ್ ಓಟದ ಅಭ್ಯಾಸ ಮಾಡುತ್ತಾನೆ. "ಅಣ್ಣಾರ, ಯಾವ ಟ್ರೇಡಿಗೆ ಹಾಕಿದ್ರ ಇವನ್ನ ಬಾರ್ಡರಿಗೆ ಕಳಸಂಗಿಲ್ಲ?" ಎಂದು ಕೇಳಿದರು. ಟ್ರೇಡು ಎಂದರೆ ಸೇನೆಯಲ್ಲಿ ಒಬ್ಬನಿಗೆ ಒಪ್ಪಿಸುವ ಕೆಲಸದ ಬಗೆ. ಸೇನೆಯ ಸಂಪರ್ಕ ದಳವಾದ ಸಿಗ್ನಲ್ಸ್ ಕೋರಿನಲ್ಲಿ ಹದಿನೇಳು ವರ್ಷ ದುಡಿದು ನಿವೃತ್ತನಾದ ನನಗೆ ಈ ಪ್ರಶ್ನೆ ಹೊಸದಲ್ಲ. "ಕ್ಲರ್ಕ್ ಆದರೆ ಸ್ವಲ್ಪ ನೆಮ್ಮದಿ, ತಂಗೀ" ಎಂದು ಹೇಳಿ ಕಳಿಸಿದೆ. ಆ ಉತ್ತರ ಸುಳ್ಳಲ್ಲ, ಆದರೆ ಅರ್ಧದ್ದು. ಅಂದಿನಿಂದ ಅದು ನನ್ನನ್ನು ಕಾಡುತ್ತಿರುವುದರಿಂದ ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಶತ್ರುವನ್ನು ಕಣ್ಣಾರೆ ಕಾಣುವ ಸಾಧ್ಯತೆ ಎಲ್ಲರಿಗಿಂತ ಹೆಚ್ಚಾಗಿರುವುದು ಪದಾತಿ ದಳದವನಿಗೆ. ಇದರಲ್ಲಿ ಎರಡು ಮಾತಿಲ್ಲ. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫಂಟ್ರಿ ಇರಲಿ, ನಮ್ಮ ಹುಡುಗರು ಹೋಗಿ ಸೇರುವ ಮದ್ರಾಸ್ ರೆಜಿಮೆಂಟ್ ಇರಲಿ, ಗಡಿ ನಿಯಂತ್ರಣ ರೇಖೆಯ ಪೋಸ್ಟುಗಳಲ್ಲಿ ಸರದಿಯ ಮೇಲೆ ಕಾವಲು ನಿಲ್ಲುವುದು, ರಾತ್ರಿ ಪೆಟ್ರೋಲಿಂಗ್ ಹೋಗುವುದು, ಹೊಂಚು ಹಾಕಿ ಕೂರುವುದು ಈ ಪಲ್ಟನ್‌ಗಳ ನಿತ್ಯದ ಕೆಲಸ. 1999ರ ಕಾರ್ಗಿಲ್ ಯುದ್ಧದಲ್ಲಿ ತೋಲೋಲಿಂಗ್, ಟೈಗರ್ ಹಿಲ್‌ಗಳ ಕಡಿದಾದ ಬಂಡೆಗಳನ್ನು ಹತ್ತಿದವರೂ ಇವರೇ. ಟ್ಯಾಂಕಿನವರ ಕಥೆ ಬೇರೆ. ಪಾಕಿಸ್ತಾನದ ಜೊತೆಗಿನ 1965ರ ಅಸಲ್ ಉತ್ತರ್, 1971ರ ಬಸಂತರ್ ಕದನಗಳಲ್ಲಿ ದೊಡ್ಡ ಭಾರ ಹೊತ್ತ ಆ ದಳಕ್ಕೆ ಕಾರ್ಗಿಲ್‌ನ ಶಿಖರಗಳ ಮೇಲೆ ಕೆಲಸವೇ ಇರಲಿಲ್ಲ. ಹೋರಾಡುವ ದಳವೆಂದು ಹೆಸರಿದ್ದರೂ ಒಂದು ಗುಂಡನ್ನೂ ಶತ್ರುವಿನ ಮೇಲೆ ಹಾರಿಸದೆ ಪಿಂಚಣಿಗೆ ಬಂದವರು ಅದರಲ್ಲಿ ಬೇಕಾದಷ್ಟು ಜನ ಇದ್ದಾರೆ.

ಜನ ಸಾಮಾನ್ಯವಾಗಿ ತಪ್ಪಾಗಿ ತಿಳಿಯುವುದು ಎಂಜಿನಿಯರ್ಸ್ ಕೋರಿನ ಬಗ್ಗೆ. ರಸ್ತೆ, ಸೇತುವೆ ಕಟ್ಟುವವರು ಎಂಬ ಹೆಸರು ಕೇಳಿ, ಅದು ಲೋಕೋಪಯೋಗಿ ಇಲಾಖೆಯ ಕೆಲಸದಂತೆ ಎಂದುಕೊಳ್ಳುತ್ತಾರೆ. ಕಾರವಾರದ ಬಳಿಯ ಚೆಂಡಿಯೆ ಗ್ರಾಮದಲ್ಲಿ ಹುಟ್ಟಿದ ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬ ರಾಣೆಯವರು 1948ರ ಏಪ್ರಿಲ್ 8ರಿಂದ ಮೂರು ದಿನ ಮಾಡಿದ್ದೂ ರಸ್ತೆಯ ಕೆಲಸವನ್ನೇ. ಪಾಕಿಸ್ತಾನದ ಜೊತೆಗಿನ ಆ ಯುದ್ಧದಲ್ಲಿ ಜಮ್ಮುವಿನ ನೌಶೇರಾದಿಂದ ರಜೌರಿಗೆ ನಮ್ಮ ಟ್ಯಾಂಕುಗಳು ಸಾಗಬೇಕಿತ್ತು. ದಾರಿಯುದ್ದಕ್ಕೂ ಶತ್ರು ನೆಲಬಾಂಬುಗಳನ್ನು ಹೂತಿದ್ದ, ಪೈನ್ ಮರಗಳನ್ನು ಕಡಿದು ಅಡ್ಡ ಕೆಡವಿದ್ದ, ಮೇಲಿನ ಗುಡ್ಡಗಳಿಂದ ಮೆಷಿನ್‌ಗನ್ ಹಾರಿಸುತ್ತಿದ್ದ. ಕೆಲಸಕ್ಕೆ ಕೈ ಹಚ್ಚುವಷ್ಟರಲ್ಲೇ ಮಾರ್ಟರ್ ದಾಳಿಗೆ ರಾಣೆಯವರ ತಂಡದ ಇಬ್ಬರು ಸತ್ತು, ಅವರೂ ಸೇರಿ ಐವರು ಗಾಯಗೊಂಡರು. ಆ ಗಾಯದಲ್ಲೇ ಅವರು ಚಲಿಸುವ ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ, ನಿಲ್ಲಿಸು, ಸಾಗು ಎಂದು ಚಾಲಕನಿಗೆ ಹಗ್ಗ ಎಳೆದು ಸೂಚನೆ ಕೊಡುತ್ತಾ, ನೆಲಬಾಂಬುಗಳನ್ನು ಒಂದೊಂದಾಗಿ ತೆಗೆಯುತ್ತಾ ಮುಂದೆ ಸಾಗಿದರು. ಪರಮವೀರ ಚಕ್ರವನ್ನು ಬದುಕಿರುವಾಗಲೇ ಪಡೆದ ಮೊದಲಿಗರು ಅವರು. ಅಂದರೆ ದಾರಿ ಬಿಡಿಸುವವನು ಪದಾತಿಗಿಂತಲೂ ಒಂದು ಹೆಜ್ಜೆ ಮುಂದೆ ಇರಬೇಕಾಗುತ್ತದೆ. 2016ರ ಜನವರಿಯಲ್ಲಿ ಪಠಾಣ್‌ಕೋಟ್‌ನಲ್ಲಿ ಹತ ಉಗ್ರನ ಮೈಮೇಲಿದ್ದ ಗ್ರೆನೇಡ್ ಸಿಡಿದು ತೀರಿಕೊಂಡ ಬೆಂಗಳೂರಿನ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಅವರೂ ಎಂಜಿನಿಯರ್ಸ್ ಕೋರಿನವರೇ.

ಫಿರಂಗಿ ದಳದವರು ಹತ್ತಿಪ್ಪತ್ತು ಕಿಲೋಮೀಟರ್ ಹಿಂದೆ ನಿಂತು ಗುಂಡು ಹಾರಿಸುತ್ತಾರೆ ಎಂಬುದು ನಿಜ. ಆದರೆ ಆ ಗುಂಡು ಎಲ್ಲಿ ಬೀಳಬೇಕೆಂದು ಹೇಳುವ ಅಧಿಕಾರಿ ಮತ್ತು ಅವನ ರೇಡಿಯೊ ಆಪರೇಟರ್ ಪದಾತಿಯ ಜೊತೆಯಲ್ಲೇ ಬೆಟ್ಟ ಹತ್ತಬೇಕು. 2020ರ ಜೂನ್ 15ರ ರಾತ್ರಿ ಲಡಾಖಿನ ಗಲ್ವಾನ್ ಕಣಿವೆಯಲ್ಲಿ ಚೀನೀ ಸೈನಿಕರೊಡನೆ ಹೋರಾಡಿ ಪ್ರಾಣ ಕೊಟ್ಟ 20 ಯೋಧರಲ್ಲಿ ಹವಾಲ್ದಾರ್ ಪಳನಿ ಫಿರಂಗಿ ದಳದವರು; ನಾಯಕ್ ದೀಪಕ್ ಸಿಂಗ್ ವೈದ್ಯಕೀಯ ಕೋರಿನ ನರ್ಸಿಂಗ್ ಸಹಾಯಕ. ಗಾಯಾಳುಗಳಿಗೆ ಪಟ್ಟಿ ಕಟ್ಟುವುದು ದೀಪಕ್ ಸಿಂಗ್ ಅವರ ಟ್ರೇಡು. ತಾವೇ ಗಾಯಗೊಂಡ ಮೇಲೂ ಅದನ್ನೇ ಮಾಡುತ್ತಾ ತೀರಿಕೊಂಡರು. ಇಬ್ಬರಿಗೂ ಮರಣೋತ್ತರ ವೀರ ಚಕ್ರ ಸಂದಿತು.

ಇನ್ನು ನನ್ನ ಮಾತು. ಸಿಗ್ನಲ್ಸ್ ಎಂದರೆ ಹೆಡ್‌ಕ್ವಾರ್ಟರ್ಸ್‌ನಲ್ಲಿ ಕುಳಿತು ಸಂದೇಶ ಕಳಿಸುವ ಕೆಲಸ ಎಂದುಕೊಂಡೇ ನಾನೂ ಸೇರಿದ್ದೆ. ಹತ್ತನೆಯ ವರ್ಷದಲ್ಲಿ ರಾಷ್ಟ್ರೀಯ ರೈಫಲ್ಸ್‌ಗೆ ಹೋಗುವ ಆದೇಶ ಬಂತು. 1990ರಲ್ಲಿ ಉಗ್ರರನ್ನು ಎದುರಿಸಲೆಂದೇ ಕಟ್ಟಿದ ಈ ದಳಕ್ಕೆ ಸ್ವಂತ ಭರ್ತಿ ಎಂಬುದಿಲ್ಲ. ಹೆಚ್ಚುಕಡಿಮೆ ಅರ್ಧದಷ್ಟು ಜನ ಪದಾತಿಯಿಂದಲೂ ಉಳಿದವರು ಫಿರಂಗಿ, ಸಿಗ್ನಲ್ಸ್, ಸಪ್ಲೈ ಹೀಗೆ ಎಲ್ಲ ಕಡೆಯಿಂದಲೂ ಎರಡು ಮೂರು ವರ್ಷಗಳ ಅವಧಿಗೆ ಬರುತ್ತಾರೆ. ದಕ್ಷಿಣ ಕಾಶ್ಮೀರದಲ್ಲಿ ಸೇನೆಯ ವಾಹನಗಳ ಸಾಲು (ಕಾನ್ವಾಯ್) ಹೊರಡುವ ಮೊದಲು, ಬಾಂಬ್ ಇಟ್ಟಿದ್ದಾರೆಯೇ ಎಂದು ರಸ್ತೆಯನ್ನು ಪರೀಕ್ಷಿಸುವ ತಂಡದ ಜೊತೆ ಬೆಳಗಿನ ಜಾವ ನಾನು ನಡೆಯುತ್ತಿದ್ದೆ. ಪ್ರತಿ ಮೋರಿಯ ಮುಂದೆ ಎಲ್ಲರೂ ನಿಲ್ಲಬೇಕು. ಒಬ್ಬ ಬಗ್ಗಿ ಟಾರ್ಚ್ ಹಾಕಿ ನೋಡಿ ಕೈ ಎತ್ತಿದ ಮೇಲೆಯೇ ಮುಂದಿನ ಹೆಜ್ಜೆ. ಚಳಿಗೆ ಹ್ಯಾಂಡ್‌ಸೆಟ್ಟಿನ ಮೇಲೆ ನನ್ನ ಉಸಿರು ಬಿದ್ದು ಬೆಳ್ಳಗೆ ಹೆಪ್ಪುಗಟ್ಟುತ್ತಿತ್ತು. ರೇಡಿಯೊ ಸೆಟ್ ಹೊತ್ತವನು ಕಂಪನಿ ಕಮಾಂಡರನ ಪಕ್ಕ ಬಿಟ್ಟು ಸರಿಯುವಂತಿಲ್ಲ, ಅವನ ಬೆನ್ನ ಮೇಲಿನ ಆಂಟೆನಾ ದೂರದಿಂದಲೇ ಕಾಣುತ್ತದೆ, ಹೊಂಚು ಹಾಕಿ ಕುಳಿತವನಿಗೆ ಮೊದಲು ಯಾರಿಗೆ ಗುರಿಯಿಡಬೇಕೆಂದು ಅದೇ ಹೇಳಿಕೊಡುತ್ತದೆ. 2023ರ ನವೆಂಬರ್‌ನಲ್ಲಿ ರಜೌರಿಯ ಕಾಳಗದಲ್ಲಿ ಮಡಿದ ಮಂಗಳೂರಿನ ಕ್ಯಾಪ್ಟನ್ ಪ್ರಾಂಜಲ್ ನಮ್ಮ ಸಿಗ್ನಲ್ಸ್ ಕೋರಿನಿಂದಲೇ 63 ರಾಷ್ಟ್ರೀಯ ರೈಫಲ್ಸ್‌ಗೆ ಹೋಗಿದ್ದವರು. ಆ ಸುದ್ದಿ ಬಂದ ದಿನ ನನಗೆ ಊಟ ಸೇರಲಿಲ್ಲ.

ಕ್ಲರ್ಕ್, ಸ್ಟೋರ್‌ಕೀಪರ್, ವರ್ಕ್‌ಶಾಪ್ ಮೆಕ್ಯಾನಿಕ್ ಇವರೆಲ್ಲ ಗುಂಡಿನ ಸದ್ದಿಗೆ ದೂರ ಇರುವ ಸಾಧ್ಯತೆ ನಿಶ್ಚಯವಾಗಿಯೂ ಹೆಚ್ಚು. ಆದರೂ ಪದಾತಿ ಪಲ್ಟನ್‌ಗೂ ಕ್ಲರ್ಕ್ ಬೇಕು, ಅಡುಗೆಯವನು ಬೇಕು. ಪಲ್ಟನ್ ಎಲ್ಲಿಗೆ ಹೋಗುತ್ತದೋ ಅವರೂ ಅಲ್ಲಿಗೆ. ಸಪ್ಲೈ ಕೋರಿನ ಡ್ರೈವರ್ ಕೂಡ ಹೀಗೆಯೇ: ಕಾರ್ಗಿಲ್‌ನ ದಿನಗಳಲ್ಲಿ ಶತ್ರುವಿನ ಕಣ್ಣಳತೆಯಲ್ಲಿದ್ದ ಶ್ರೀನಗರ–ಲೇಹ್ ರಸ್ತೆಯಲ್ಲಿ ಲಾರಿಗಳು ರಾತ್ರಿ ದೀಪ ಆರಿಸಿಕೊಂಡು, ಶೆಲ್ಲುಗಳ ನಡುವೆ ಓಡುತ್ತಿದ್ದವು.

ಕಾಳಗವೇ ಇಲ್ಲದ ಕಡೆಯೂ ಅಪಾಯ ಇದ್ದೇ ಇರುತ್ತದೆ ಎಂಬುದನ್ನು ನಮ್ಮ ಧಾರವಾಡ ಜಿಲ್ಲೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ 19,600 ಅಡಿ ಎತ್ತರದ ಪೋಸ್ಟಿನಲ್ಲಿ ಹಿಮಕುಸಿತಕ್ಕೆ ಸಿಕ್ಕಿ, ಆರು ದಿನಗಳ ನಂತರ ಜೀವಂತವಾಗಿ ಹೊರಬಂದು, ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅಲ್ಲಿ ಗಡಿಯಾಚೆಯಿಂದ ಒಂದು ಗುಂಡೂ ಹಾರಿರಲಿಲ್ಲ. ಆ ಹಿಮನದಿಯ ಮೇಲೆ ಗುಂಡಿಗಿಂತ ಹವೆಗೆ ಬಲಿಯಾದ ಸೈನಿಕರೇ ಹೆಚ್ಚು.

ಇಷ್ಟನ್ನೂ ಆ ತಾಯಿಗೆ ಮುಖ ನೋಡಿ ಹೇಳುವುದು ಸುಲಭವಲ್ಲ. ಆದರೆ ಟ್ರೇಡಿನ ಹೆಸರನ್ನು ನಂಬಿ ಧೈರ್ಯ ತಂದುಕೊಂಡವರ ಮನೆಗೆ ಒಂದು ದಿನ ಬೇರೆಯೇ ಸುದ್ದಿ ಬಂದಾಗ ಆಗುವ ಆಘಾತವನ್ನು ನಾನು ಕಂಡಿದ್ದೇನೆ. ಅದಕ್ಕಿಂತ ಇಂದೇ ತಿಳಿದುಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ. ಹುಡುಗನಿಗೂ ಕ್ಲರ್ಕ್ ಕೆಲಸದ ಮೇಲೆ ಮನಸ್ಸಿಲ್ಲವೆಂದು ಅವನ ಗೆಳೆಯರಿಂದ ತಿಳಿಯಿತು. ಅವನಿಗೆ ಜನರಲ್ ಡ್ಯೂಟಿಯೇ, ಅಂದರೆ ಬಂದೂಕು ಹಿಡಿದು ಕಾದಾಡುವ ಸಿಪಾಯಿಯ ಕೆಲಸವೇ ಬೇಕಂತೆ, ಅವ್ವನ ಮುಂದೆ ಹೇಳಲು ಅಂಜುತ್ತಾನಂತೆ. ನಾಳೆ ಸಂಜೆ ಇಬ್ಬರೂ ಕೂಡಿಯೇ ಬನ್ನಿರೆಂದು ಹೇಳಿ ಕಳಿಸಿದ್ದೇನೆ.