ಕೈಗೆಟಕುವ ಸಾಮಾನು, ಹೊನ್ನಾವರದ ಕಡಲು

ಕಾರಿನ ಡಿಕ್ಕಿ ಮಾಡಿರುವುದು ನಿಂತುಕೊಂಡು ಸಾಮಾನು ತೆಗೆಯುವವರಿಗೆ. ವೀಲ್‌ಚೇರ್‌ನಲ್ಲಿ ಕೂತು ಅದರ ಮುಂದೆ ಹೋಗಿ ನೋಡಿ. ಬಂಪರ್ ಮೊಣಕಾಲಿಗೆ ತಾಗುತ್ತದೆ. ಮೇಲೆ ಹೋದ ಬಾಗಿಲು ಮತ್ತೆ ಕೈಗೆ ಸಿಗುವುದಿಲ್ಲ. ಒಳಗಡೆ, ಹಿಂದಿನ ಸೀಟಿಗೆ ಒರಗಿ ಕೂತ ಬ್ಯಾಗಂತೂ ಪಕ್ಕದ ತಾಲ್ಲೂಕಿನಲ್ಲಿ ಇದ್ದ ಹಾಗೆ!

ಬೆನ್ನುಹುರಿಗೆ ಪೆಟ್ಟಾದ ಮೇಲೆ ನನ್ನ ಕಾಲು ಆಡುವುದಿಲ್ಲ. ಕಾರು ಓಡಿಸುವುದು ಕೈಯಲ್ಲೇ. ಸ್ಟೀರಿಂಗ್ ಪಕ್ಕ ಒಂದು ಲಿವರ್ ಇದೆ. ಮುಂದಕ್ಕೆ ತಳ್ಳಿದರೆ ಬ್ರೇಕ್, ಹಿಂದಕ್ಕೆ ಎಳೆದರೆ ಆಕ್ಸಿಲರೇಟರ್. ಕ್ಲಚ್ ಇಲ್ಲದ ಚಿಕ್ಕ ಗಾಡಿ. ಆರ್‌ಸಿಯಲ್ಲೂ ಅಡಾಪ್ಟೆಡ್ ವೆಹಿಕಲ್ ಅಂತ ದಾಖಲಾಗಿದೆ. ಈ ಸಲ ಮಳೆಗಾಲ ಮುಗಿದ ಮೇಲೆ ಶಿವಮೊಗ್ಗದಿಂದ ಹೊನ್ನಾವರದ ಕಡೆ ಹೊರಟೆ. ಜೊತೆಗೆ ಅಕ್ಕನ ಮಗ. ಮರಳ ಮೇಲೆ ಓಡಾಡಬೇಕು, ಶರಾವತಿ ಕಡಲು ಸೇರುವಲ್ಲಿ ಗಾಳ ಹಾಕಬೇಕು, ಬಯಲಲ್ಲಿ ಟೀ ಕಾಯಿಸಿ ಕುಡಿಯಬೇಕು. ಆಸೆ ಇಷ್ಟೇ. ಆದರೆ ಇಷ್ಟಕ್ಕೂ ಸಾಮಾನು ಬೇಕಲ್ವಾ? ಅದನ್ನು ಯಾರನ್ನೂ ಕರೆಯದೆ ನಾನೇ ತೆಗೆದುಕೊಳ್ಳುವ ಹಾಗಿರಬೇಕು. ಇಲ್ಲವಾದರೆ ಕಡಲ ತೀರದವರೆಗೆ ಬಂದೂ ಕಾರಿನಲ್ಲಿ ಕೂತ ಪ್ಯಾಸೆಂಜರ್ ಅಷ್ಟೇ ನಾನು.

ಹೊರಡುವ ಮೊದಲು ಊರಿನ ಬಡಗಿಯೊಬ್ಬರ ಹತ್ತಿರ ಡಿಕ್ಕಿಗೆ ಒಂದು ಎಳೆಮಣೆ ಮಾಡಿಸಿದ್ದೆ. ಅಡುಗೆಮನೆ ಡ್ರಾಯರ್‌ಗೆ ಹಾಕುವ ಬಾಲ್‌ಬೇರಿಂಗ್ ಚಾನೆಲ್ ಜೋಡಿ, ಅದರ ಮೇಲೆ 12 ಎಂಎಂ ಪ್ಲೈವುಡ್. ಅವರು 18 ಎಂಎಂ ಹಾಕೋಣ ಎಂದರು. ಗಟ್ಟಿ ಇರುತ್ತದೆ ನಿಜ, ಆದರೆ ಆ ಭಾರ ಎಳೆಯುವವನು ನಾನು. ಹಲಗೆ ಹೊರಗೆ ಬಂದರೆ ನನ್ನ ಮೊಣಕೈ ಮಟ್ಟಕ್ಕೆ ನಿಲ್ಲುತ್ತದೆ. ಹಿಂದುಗಡೆ ಇದ್ದದ್ದೂ ಮುಂದೆ ಬರುತ್ತದೆ. ಸ್ಟವ್ ಇಡಲು ಅದೇ ಮೇಜು. ಏರು ಹತ್ತುವಾಗ ಜಾರಿ ಬಾಗಿಲಿಗೆ ಬಡಿಯದಿರಲಿ ಅಂತ ಪಕ್ಕದಲ್ಲಿ ಒಂದು ಚಿಲಕ, ನಮ್ಮ ಬಚ್ಚಲುಮನೆ ಬಾಗಿಲಿಗೆ ಇರುತ್ತದಲ್ಲ, ಅಂಥದ್ದು. ಡಿಕ್ಕಿಯ ಬಾಗಿಲಿಗೆ ಒಂದು ನೈಲಾನ್ ಪಟ್ಟಿ ಕಟ್ಟಿದ್ದೇನೆ. ಕೂತಲ್ಲಿಂದಲೇ ಎಳೆದು ಮುಚ್ಚಬಹುದು. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಅಗ್ಗದ್ದು ಆ ಪಟ್ಟಿ. ಹೆಚ್ಚು ಉಪಯೋಗಕ್ಕೆ ಬರುವುದೂ ಅದೇ.

ಆದರೂ ನನ್ನ ಲೆಕ್ಕದಲ್ಲಿ ಕಾರಿನ ಬೆಲೆಬಾಳುವ ಜಾಗ ಡಿಕ್ಕಿ ಅಲ್ಲ. ಬಲಬದಿಯ ಹಿಂದಿನ ಬಾಗಿಲು. ಡ್ರೈವರ್ ಬಾಗಿಲ ಪಕ್ಕ ವೀಲ್‌ಚೇರ್ ನಿಲ್ಲಿಸಿದರೆ ಎರಡನ್ನೂ ಅಲ್ಲಿಂದಲೇ ತೆಗೆಯಬಹುದು. ದಿನಕ್ಕೆ ಹತ್ತು ಸಲ ಬೇಕಾಗುವುದೆಲ್ಲ ಅಲ್ಲಿರುತ್ತದೆ: ಗ್ಲೌಸ್, ಕುಶನ್ನಿನ ಗಾಳಿ ಪಂಪು, ಬೈನಾಕ್ಯುಲರ್, ವೀಲ್‌ಚೇರಿನಿಂದ ಸೀಟಿಗೆ ಜಾರುವ ಹಲಗೆ. ಮೂತ್ರ ತೆಗೆಯುವ ಕೊಳವೆಗಳ (ಕ್ಯಾಥೆಟರ್) ಚೀಲ ಮಾತ್ರ ನನ್ನದೇ ಬಾಗಿಲ ಪಾಕೆಟ್ಟಿನಲ್ಲಿ. ನಾಲ್ಕಾರು ಗಂಟೆಗೊಮ್ಮೆ ಬೇಕೇ ಬೇಕು, ಹುಡುಕುತ್ತಾ ಕೂರುವ ವಸ್ತು ಅಲ್ಲ ಅದು. ಮುಂದಿನ ಎಡ ಸೀಟು ವೀಲ್‌ಚೇರ್‌ದು. ನಾನು ಕಾರಿನೊಳಗೆ ಜಾರಿಕೊಂಡ ಮೇಲೆ ಚಕ್ರದ ನಡುವಿನ ಗುಂಡಿ ಒತ್ತಿದರೆ ಚಕ್ರ ಕಳಚಿ ಬರುತ್ತದೆ. ಎರಡೂ ಚಕ್ರ ಹಿಂದಕ್ಕೆ. ಸೀಟು ಒರಗಿಸಿ, ಫ್ರೇಮನ್ನು ಎದೆಯ ಮೇಲಿಂದ ದಾಟಿಸಿ ಎಡಕ್ಕೆ ಕೂರಿಸಿ ಬೆಲ್ಟ್ ಹಾಕುತ್ತೇನೆ. ಸುಮ್ನೆ ಇಟ್ಟರೆ ಜೋರು ಬ್ರೇಕಿಗೆ ಹಾರಿ ಬರುತ್ತದೆ.

ಅಕ್ಕನ ಮಗನಿಗೆ ಅಚ್ಚುಕಟ್ಟಿನ ಹುಚ್ಚು. ಬೆಳಿಗ್ಗೆ ನೋಡಿದರೆ ಎಲ್ಲವನ್ನೂ ಡಿಕ್ಕಿಯಲ್ಲಿ ಒಂದರ ಮೇಲೊಂದು ಜೋಡಿಸಿದ್ದ. ಒಂದಿಂಚು ಜಾಗ ಪೋಲಾಗಿರಲಿಲ್ಲ. ನೀರಿನ ಬಾಟಲಿಗಳನ್ನು ನನ್ನ ಕಾಲ ಹತ್ತಿರ ಇಟ್ಟಿದ್ದ.

"ಚೆನ್ನಾಗಿದೆ ಮಾರಾಯ, ಆದರೆ ಇದು ನಿನ್ನ ಕಾರಾಯಿತು" ಎಂದೆ.

"ನಾನಿದೀನಲ್ಲ ಮಾವ, ಕೇಳಿದರೆ ತೆಗೆದುಕೊಡ್ತೀನಿ."

ಇದೇ ಮಾತು ನನಗೆ ಆಗಿಬರುವುದಿಲ್ಲ. ಪ್ರೀತಿಯ ಮಾತು, ಸುಳ್ಳೇನಲ್ಲ. ಆದರೆ ಅವನು ಟೀ ಕುಡಿಯಲು ಹೋದಾಗ ನನಗೆ ಪಂಪು ಬೇಕಾದರೆ? ಎಲ್ಲವನ್ನೂ ಮತ್ತೆ ಇಳಿಸಿದೆವು. ಕಾಲ ಹತ್ತಿರದ ಬಾಟಲಿಗಳನ್ನು ಮೊದಲು ತೆಗೆಸಿದೆ. ಲಿವರ್‌ನಿಂದ ಪೆಡಲಿಗೆ ಸರಳು ಹೋಗುತ್ತದೆ. ಬಾಟಲಿ ಉರುಳಿ ಬ್ರೇಕ್ ಪೆಡಲಿನ ಅಡಿ ಸಿಕ್ಕಿಕೊಂಡರೆ ನನ್ನ ಕಾಲಿಗೆ ಗೊತ್ತೇ ಆಗುವುದಿಲ್ಲ. ಡ್ರೈವರ್ ಕಾಲಬುಡದಲ್ಲಿ ಏನೂ ಇರಬಾರದು, ಚಪ್ಪಲಿ ಕೂಡ. ಟೀ ಫ್ಲಾಸ್ಕ್ ತೊಡೆಯ ಮೇಲೆ ಇಟ್ಟುಕೊಳ್ಳುವುದೂ ಇಲ್ಲ. ಸುಟ್ಟರೂ ತಿಳಿಯದ ಚರ್ಮ ಇದು.

ಸಾಗರ ದಾಟಿ ತಾಳಗುಪ್ಪದಲ್ಲಿ ನೀರುದೋಸೆ ತಿಂದೆವು. ಜೋಗದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕಾಣುವಷ್ಟು ನೀರಿತ್ತು. 253 ಮೀಟರ್ ಕೆಳಗೆ ಬೀಳುವ ನೀರನ್ನು ಮೇಲಿಂದ ನೋಡುವುದಕ್ಕೆ ಕಾಲು ಬೇಕಿಲ್ಲ. ಕೆಳಗಿಳಿಯುವ ಮೆಟ್ಟಿಲುಗಳ ಕಡೆ ಹುಡುಗ ಆಸೆಯಿಂದ ನೋಡಿದ. ಬಿಸಿಲು ನೋಡಿ ಅವನೇ ಮನಸ್ಸು ಬದಲಿಸಿದ.

ಮುಂದೆ ಗೇರುಸೊಪ್ಪೆ ಘಟ್ಟ. ತಿರುವಿನ ಮೇಲೆ ತಿರುವು, ಎರಡೂ ಕಡೆ ದಟ್ಟ ಕಾಡು. ಕಾಳುಮೆಣಸಿನ ರಾಣಿ ಎಂದು ಹೆಸರಾದ ಚೆನ್ನಭೈರಾದೇವಿ ಆಳಿದ ಸೀಮೆ ಇದು. ಒಂದು ಕೈ ಲಿವರ್ ಮೇಲೆ, ಒಂದು ಕೈ ಸ್ಟೀರಿಂಗ್ ಮೇಲೆ. ಇಳಿಜಾರಿನಲ್ಲಿ ನನ್ನ ಸೊಂಟಕ್ಕೆ ಹಿಡಿತ ಇಲ್ಲ, ತಿರುವಿಗೆ ಮೈ ವಾಲುತ್ತದೆ. ಎದೆಗೊಂದು ಬೆಲ್ಟ್ ಹಾಕಿಕೊಂಡೇ ಇಳಿದೆ. ಹಿಂದೆ ಡಿಕ್ಕಿಯಲ್ಲಿ ಚಿಲಕ ಕಟಕಟ ಅಂದರೂ ಕಚ್ಚಿಕೊಂಡಿತ್ತು.

ಘಟ್ಟ ಇಳಿದ ಮೇಲೆ ತಪ್ಪದೆ ಮಾಡುವ ಒಂದು ಕೆಲಸ ಇದೆ. ನಾನು ಕೂರುವುದು ಗಾಳಿ ತುಂಬಿದ ಕುಶನ್ ಮೇಲೆ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಮೇಲಿದೆ. ಕೆಳಗೆ ಬಂದಂತೆ ಹೊರಗಿನ ಗಾಳಿಯ ಒತ್ತಡ ಜಾಸ್ತಿಯಾಗುತ್ತದೆ, ಕುಶನ್ನಿನೊಳಗಿನ ಗಾಳಿ ಕುಗ್ಗುತ್ತದೆ. ಮನೆಯಲ್ಲಿ ಸರಿಯಿದ್ದ ಕುಶನ್ ಹೊನ್ನಾವರದಲ್ಲಿ ತುಸು ಮೆತ್ತಗಾಗುತ್ತದೆ. ಕುಂಡೆಯ ಮೂಳೆಯ ಕೆಳಗೆ ಬೆರಳು ತೂರಿಸಿ ನೋಡಬೇಕು. ಮೂಳೆಗೂ ತಳಕ್ಕೂ ನಡುವೆ ಅರ್ಧದಿಂದ ಒಂದು ಇಂಚು ಗಾಳಿ ಇರಬೇಕು. ನೋಡಿದೆ, ಕಮ್ಮಿ ಇತ್ತು. ಬಾಗಿಲು ತೆಗೆದೆ, ಪಂಪು ಕೈಗೆ ಸಿಕ್ಕಿತು, ನಾಲ್ಕು ಸಲ ಒತ್ತಿದೆ, ಮುಗಿಯಿತು. ಇದನ್ನು ಬಿಟ್ಟರೆ ಒತ್ತಡದ ಹುಣ್ಣು. ಅದು ಬಂದರೆ ತಿಂಗಳುಗಟ್ಟಲೆ ಹಾಸಿಗೆ.

ಶರಾವತಿ ಸೇತುವೆ ದಾಟಿದರೆ ಕಾಸರಕೋಡ. ಕೇರಳದ ಕಾಸರಗೋಡು ಬೇರೆ. 2020ರ ಅಕ್ಟೋಬರ್‌ನಲ್ಲಿ ಭಾರತದ ಎಂಟು ಕಡಲತೀರಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಕರ್ನಾಟಕದ್ದು ಎರಡು, ಇದು ಮತ್ತು ಪಡುಬಿದ್ರಿ. ಸ್ವಚ್ಛ ನೀರು, ಜೀವರಕ್ಷಕರ ಜೊತೆ ಅಂಗವಿಕಲರಿಗೆ ಅನುಕೂಲ ಇರುವುದನ್ನೂ ಆ ಮಾನ್ಯತೆಯಲ್ಲಿ ನೋಡುತ್ತಾರೆ. ಗಟ್ಟಿ ನೆಲ ಇದ್ದಷ್ಟು ದೂರ ನಾನೇ ಉರುಳಿಸಿಕೊಂಡು ಹೋದೆ. ಆಮೇಲೆ ಮರಳು.

ಮರಳಿನಲ್ಲಿ ವೀಲ್‌ಚೇರಿನ ಶತ್ರು ಮುಂದಿನ ಚಿಕ್ಕ ಚಕ್ರಗಳು. ಅಂಗೈಯಷ್ಟೇ ಇರುತ್ತವೆ, ನೇರ ಕೆಳಕ್ಕೆ ಹೋಗುತ್ತವೆ. ಅದಕ್ಕೇ ಮಕ್ಕಳ ಸೈಕಲ್ಲಿನ 12 ಇಂಚಿನ ಚಕ್ರ ಹಾಕಿ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಮೂತಿ ಮಾಡಿಸಿದ್ದೇನೆ. ಕಾಲಿಡುವ ಪಟ್ಟಿಗೆ ಅದನ್ನು ಕಚ್ಚಿಸಿದರೆ ಚಿಕ್ಕ ಚಕ್ರಗಳು ನೆಲಬಿಟ್ಟು ಏಳುತ್ತವೆ. ಅದಿರುವುದು ಬಲ ಬಾಗಿಲ ಒಳಗೆ, ಡ್ರೈವರ್ ಸೀಟಿನ ಬೆನ್ನಿಗೆ ಕೊಕ್ಕೆಯಲ್ಲಿ ನೇತು ಹಾಕಿ. ಅಲೆ ಬಂದು ಹೋದ ಒದ್ದೆ ಮರಳು ಗಟ್ಟಿ ಇರುತ್ತದೆ, ಅಲ್ಲಿ ಚೆನ್ನಾಗಿ ಓಡಿತು. ಒಣ ಮರಳಿನ ಪಟ್ಟಿ ದಾಟಲು ಹುಡುಗ ಹಿಂದಿನಿಂದ ನೂಕಬೇಕಾಯಿತು. ಅದಕ್ಕೆ ನನ್ನ ತಕರಾರಿಲ್ಲ.

ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಮರದ ಸೇತುವೆಯ ಮೇಲೂ ಈ ದೊಡ್ಡ ಚಕ್ರವೇ ಕಾಪಾಡಿತು. ಹಲಗೆಗಳ ಸಂದಿಗೆ ಸಿಕ್ಕಿಕೊಳ್ಳಲಿಲ್ಲ. ಕೆಸರಿನಿಂದ ಮೇಲೆದ್ದ ಬೇರು, ಬೇರಿನ ಮೇಲೆ ಏಡಿ. ಕೂತವನ ಕಣ್ಣು ಅವಕ್ಕೆ ಹತ್ತಿರ. ನಿಂತವರು ಬಗ್ಗಿ ನೋಡಬೇಕು.

ಸಂಜೆ ನದೀಮುಖದಲ್ಲಿ ಗಾಳ ಹಾಕಿದೆವು. ಗಾಳದ ಕೋಲನ್ನು ಪಿವಿಸಿ ಪೈಪಿನಲ್ಲಿ ತೂರಿಸಿ, ಕಾರಿನೊಳಗೆ ಬಾಗಿಲ ಮೇಲಿನ ಹಿಡಿಗಳಿಗೆ ಉದ್ದಕ್ಕೆ ಕಟ್ಟಿದ್ದೆ. ತಲೆಗೆ ತಾಗುವುದಿಲ್ಲ, ಹಿಂದಿನ ಬಾಗಿಲಿಂದ ಎಳೆದರೆ ಬರುತ್ತದೆ. ಕೋಲು ಸಲೀಸಾಗಿ ಬಂತು. ಮೀನು ಬರಲಿಲ್ಲ.

ರಾತ್ರಿ ಹೋಂಸ್ಟೇ ಅಂಗಳದಲ್ಲಿ ಚಕ್ರ ಕಳಚಿ, ಅಚ್ಚು, ಬೇರಿಂಗ್ ಎಲ್ಲ ಸಿಹಿನೀರಿನಲ್ಲಿ ತೊಳೆದು ಒರೆಸಿ ಎಣ್ಣೆ ಬಿಟ್ಟೆವು. ಉಪ್ಪು ಹಾಗೇ ಬಿಟ್ಟರೆ ಚಕ್ರ ಕಚ್ಚಿಕೊಂಡು ಬಿಡುತ್ತದೆ. ಹೊರಡುವ ದಿನ ಹೊನ್ನಾವರದ ಪೇಟೆಯಲ್ಲಿ ಬಂಗುಡೆ ತೆಗೆದುಕೊಂಡೆವು. ಐಸ್ ಡಬ್ಬಿ ಎಳೆಮಣೆಯ ಮೇಲೆ. ಸಾಗರಕ್ಕೆ ಬರುವಷ್ಟರಲ್ಲಿ ಐಸ್ ಕರಗಿ ಪ್ಲೈವುಡ್ ಒದ್ದೆಯಾಗಿತ್ತು, ಕಾರು ತುಂಬಾ ಮೀನಿನ ವಾಸನೆ. ಹಲಗೆಗೆ ಲ್ಯಾಮಿನೇಟ್ ಹಚ್ಚಿ, ಅಂಚಿಗೊಂದು ತಡೆಪಟ್ಟಿ ಕೂರಿಸಿ, ಮೂಲೆಯಲ್ಲಿ ನೀರು ಹೋಗಲು ತೂತು ಕೊರೆಯಲು ಬಡಗಿಗೆ ಹೇಳಿದ್ದೇನೆ. ಅವರು ಮಾತ್ರ ಇನ್ನೂ 18 ಎಂಎಂ ಬಗ್ಗೆಯೇ ಮಾತಾಡುತ್ತಿದ್ದಾರೆ.